ಪೋಚಮ್ಮನ ಕುರಿ, ಖಾಸೀಂ ಕಾಕಾನ ಕೈ

ಬೀದರಿನ ಮೈಲೂರಿನಲ್ಲಿರುವ ನಮ್ಮ ಓಣಿಗೆ ಒಮ್ಮೊಮ್ಮೆ ಸಾಣೆ ಹಿಡಿಯುವವನು ಬರುತ್ತಾನೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಮುಂದಿನ ಕಲ್ಲಿನ ಚಕ್ರ ತಿರುಗುತ್ತದೆ, ಕಬ್ಬಿಣ ಕಲ್ಲಿಗೆ ತಾಗಿ ಸಣ್ಣಗೆ ಚೀರುತ್ತದೆ. ಬಿಸಿಯಾದ ಕಬ್ಬಿಣದ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಪಕ್ಕದ ಮನೆಯ ಸುಶೀಲಮ್ಮ, ನರ್ಸ್ ಕೆಲಸದಿಂದ ನಿವೃತ್ತರಾದವರು, ಗೇಟಿನಿಂದಲೇ ಕೂಗುತ್ತಾರೆ: “ಟೀಚರ್, ನಿಮ್ಮ ಈಳಗಿ ಮೊಂಡಾಗ್ಯದ ಅಂತಿದ್ರಲ್ರಿ, ತಗೊಂಡು ಬರ್ರಿ. ಇಂವ ಹೋದ್ರ ಮತ್ತ ಯಾವಾಗ ಬರ್ತಾನೊ ಏನೊ!” ನಾನು ಮನೆಯಲ್ಲಿ ಇಲ್ಲದವಳಂತೆ ಸುಮ್ಮನಿರುತ್ತೇನೆ. ಆ ಸದ್ದು ನನ್ನನ್ನು ಮೊದಲು ಒಂದು ಒಳ್ಳೆಯ ಜಾಗಕ್ಕೆ ಕರೆದೊಯ್ಯುತ್ತದೆ, ಆಮೇಲೆ ಒಂದು ಕೆಟ್ಟ ಜಾಗಕ್ಕೆ. ಒಳ್ಳೆಯ ಜಾಗದಲ್ಲೇ ಸದ್ದನ್ನು ನಿಲ್ಲಿಸಿಕೊಳ್ಳುವುದು ನನಗೆ ಇನ್ನೂ ಬಂದಿಲ್ಲ.

ಒಳ್ಳೆಯ ಜಾಗವೆಂದರೆ ಔರಾದ ತಾಲೂಕಿನ ನಮ್ಮ ಊರು, ನಮ್ಮ ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ಬಾಗಿ ಒಳಗೆ ಹೋಗಬೇಕಾದ ಬಾಗಿಲು, ಬೇಸಿಗೆಯಲ್ಲೂ ತಣ್ಣಗಿರುವ ಪಡಸಾಲೆ. ಮನೆಗೆ ಅಂಟಿಕೊಂಡೇ ಕುರಿದಡ್ಡಿ. ಉಣ್ಣೆ, ಹಿಕ್ಕೆ, ತೊಗರಿ ಹೊಟ್ಟು, ಅಪ್ಪನ ಅವ್ವ ಆಯಿಯ ಎಲೆಯಡಿಕೆ, ಇವೆಲ್ಲ ಸೇರಿದ ಒಂದು ವಾಸನೆ ನಮ್ಮ ಬಟ್ಟೆಯಲ್ಲಿ, ಕೂದಲಲ್ಲಿ, ಸಾಲಿಯ ಪುಸ್ತಕದ ಹಾಳೆಯಲ್ಲಿ ಕೂಡ ಇರುತ್ತಿತ್ತು. ನನ್ನ ಮುತ್ಯಾ, ಆಯಿಯ ಗಂಡ, ಕುರಿ ಕಾದವನು, ಅವನ ಅಪ್ಪನೂ ಕಾದವನು. ನನ್ನ ಅಪ್ಪನ ಕಾಲಕ್ಕೆ ಕುರಿ ಕಡಿಮೆಯಾಗಿ ಮಳೆ ನಂಬಿದ ಹೊಲ ಹೆಚ್ಚಾಯಿತು. ಆದರೂ ದಡ್ಡಿ ಯಾವತ್ತೂ ಖಾಲಿ ಇರಲಿಲ್ಲ, ಯಾಕೆಂದರೆ ಪೋಚಮ್ಮನಿಗೆ ವರ್ಷಕ್ಕೊಂದು ಕುರಿ ಬೇಕಿತ್ತು. ಹೊಲದ ಬದುವಿನಲ್ಲಿ ಬೇವಿನ ಬುಡದ ಕುಂಕುಮ ಬಳಿದ ಕಲ್ಲೇ ನಮ್ಮ ಪೋಚಮ್ಮ. ಗುಡಿಯಿಲ್ಲ, ಪೂಜಾರಿಯಿಲ್ಲ. ಭರತ ಹುಣ್ಣಿಮೆಯ ದಿನ ಆಯಿಯೇ ಪೂಜಾರಿ.

ಆದರೆ ಆ ಕುರಿಯನ್ನು ಕೊಯ್ಯುವ ಕೈ ನಮ್ಮದಲ್ಲ. ಅದು ಖಾಸೀಂ ಕಾಕಾನದು. ಊರಿನ ಮುಲ್ಲಾನ ಮನೆತನ ಅವನದು. ಅವನ ಅಪ್ಪನ ಕಾಲದಿಂದಲೂ, ಅದಕ್ಕೂ ಹಿಂದಿನಿಂದಲೂ, ನಮ್ಮ ದೇವರ ಕುರಿಗೆ ಅವರೇ ಕೈ ಹಚ್ಚಬೇಕು. ಅವರು ಬಿಸ್ಮಿಲ್ಲಾ ಹೇಳಿ ಕೊಯ್ದರೆ ಮಾತ್ರ ನಮ್ಮ ಮನೆಯಲ್ಲಿ ಮಾಂಸ ಬಾಯಿಗೆ ಹೋಗುತ್ತಿತ್ತು. ನಮ್ಮ ಮನೆ ಒಂದೇ ಅಲ್ಲ, ಸುತ್ತಿನ ಊರುಗಳ ಕುರಿಯವರ ಮನೆಗಳೆಲ್ಲ ಹೀಗೇ ಇದ್ದವು. ಮದುವೆಯ ಬಾಡೂಟಕ್ಕೂ ಕಾಕಾನೇ ಬರಬೇಕು. ಇದು ಯಾಕೆ ಹೀಗೆ ಎಂದು ಚಿಕ್ಕವಳಿದ್ದಾಗ ಮುತ್ಯಾನನ್ನು ಕೇಳಿದ್ದೆ. ಅವನು ದಡ್ಡಿಯ ಕಡೆ ನೋಡುತ್ತ, “ಬಾಟ್ಲಿ ಹಿಡದು ಹಾಲು ಕುಡಿಸೀನಿ ಅದಕ್ಕ. ನಾನೇ ಹ್ಯಾಂಗ ಚೂರಿ ಹಾಕ್ಲಿ?” ಅಂದಿದ್ದ. ಅವನಿಗೆ ಅಷ್ಟು ಸಾಕಾಗಿತ್ತು. ನನಗೂ ಸಾಕಾಗಿತ್ತು.

ಹುಣ್ಣಿಮೆಯ ಹಿಂದಿನ ದಿನ ಆಯಿ ತಾನೇ ಹೋಗಿ ಕಾಕಾನನ್ನು ಕರೆದು ಬರುತ್ತಿದ್ದಳು. ಮರುದಿನ ಅವನು ಮಿಂದು ಬಿಳಿ ಅಂಗಿ ಹಾಕಿಕೊಂಡು, ಬಟ್ಟೆಯಲ್ಲಿ ಸುತ್ತಿದ ಚೂರಿಯನ್ನು ಬಗಲಲ್ಲಿ ಹಿಡಿದು ಬರುತ್ತಿದ್ದ. ಬಂದವನು ನೇರ ಹೊಲಕ್ಕೆ ಹೋಗುತ್ತಿರಲಿಲ್ಲ. ಬಾವಿಯ ಹತ್ತಿರದ ಗೋಡೆಯ ಹಿಂದೆ ಕೂತು ಚೂರಿ ಮಸೆಯುತ್ತಿದ್ದ. ಕುರಿಗೆ ಚೂರಿ ಕಾಣಬಾರದು, ಮಸೆಯುವ ಸದ್ದೂ ಕೇಳಬಾರದು, ಅದು ಅವನ ಕಟ್ಟುನಿಟ್ಟು. ನಾವು ಮಕ್ಕಳು ಗೋಡೆಯ ಮೇಲೆ ಹತ್ತಿ ಇಣುಕಿದರೆ, “ಏ, ನೀವೂ ಕುರಿನೇ ಏನ್ರಲೇ? ಹಾಂಗಿದ್ರ ಅತ್ತಾಗ ನೋಡ್ರಿ!” ಎಂದು ಗದರಿಸುತ್ತಿದ್ದ. ಆಮೇಲೆ ಆಯಿ ಕುರಿಗೆ ಅರಿಸಿನ ಹಚ್ಚಿ, ಬೇವಿನ ಎಲೆ ಹಾಕಿದ ನೀರನ್ನು ಬೆನ್ನ ಮೇಲೆ ಸುರಿಯುತ್ತಿದ್ದಳು. ಎಲ್ಲರೂ ಉಸಿರು ಹಿಡಿದು ಕಾಯುತ್ತಿದ್ದೆವು. ಕುರಿ ಒಮ್ಮೆ ಮೈ ಝಾಡಿಸಿತೆಂದರೆ ಪೋಚಮ್ಮ ಒಪ್ಪಿದಳು. ಒಪ್ಪಿದ ಕುರಿಯನ್ನು ಹೊತ್ತು ಮುಳುಗುವುದರೊಳಗೆ ಅವಳಿಗೆ ಕೊಡಬೇಕು. ಕೆಲವು ವರ್ಷ ಕುರಿ ಹಟ ಹಿಡಿದು ನಿಂತುಬಿಡುತ್ತಿತ್ತು, ಆಗ ಕಾಕಾ ಆಯಿಗೆ ಚೇಷ್ಟೆ ಮಾಡುತ್ತಿದ್ದ: “ವೈನಿ, ನಿಮ್ಮ ದೇವ್ರು ನಿಮ್ಮಂಗೇ ಅದಾಳ. ಜಲ್ದಿ ಹೂಂ ಅನ್ನಂಗಿಲ್ಲ.”

ಎಲ್ಲವೂ ಹಾಲು ಜೇನಿನಂತೆ ಇತ್ತು ಎಂದು ನಾನು ಹೇಳುವುದಿಲ್ಲ. ಆ ತರಹದ ಮಾತು ಕೇಳಿದರೆ ನನಗೆ ಈಗ ಆಯಾಸವಾಗುತ್ತದೆ. ನಮ್ಮ ಮನೆಯಲ್ಲಿ ಕಾಕಾನ ತಾಟು, ಲೋಟ ಬೇರೆ ಇದ್ದವು. ದಡ್ಡಿಯ ಗೋಡೆಯ ಗೂಡಿನಲ್ಲಿ ಮಗುಚಿಟ್ಟಿರುತ್ತಿದ್ದವು. ಉಂಡ ಮೇಲೆ ಅವನೇ ತೊಳೆದಿಡುತ್ತಿದ್ದ. ದೇವರ ಕುರಿಗೆ ಅವನ ಕೈಯೇ ಬೇಕು, ಆ ಕೈ ಮುಟ್ಟಿದ ಲೋಟ ಒಳಗೆ ಬರಬಾರದು. ಇವೆರಡೂ ಒಂದೇ ಮನೆಯಲ್ಲಿ, ಒಂದೇ ಆಯಿಯ ತಲೆಯಲ್ಲಿ, ಜಗಳವಾಡದೆ ಇದ್ದವು. ಅವನ ಮನೆಯಲ್ಲಿ ನಾವು ಯಾವತ್ತೂ ಉಂಡವರಲ್ಲ. ಆದರೆ ಮುತ್ಯಾ ಸತ್ತ ದಿನ ಕುಣಿ ತೋಡಲು ಮೊದಲು ಸಲಿಕೆ ಹಿಡಿದವನು ಕಾಕಾ. ಬೇಡ ಎಂದು ಯಾರೂ ಅನ್ನಲಿಲ್ಲ. ಅನ್ನಬಹುದು ಎಂಬುದೇ ಆಗ ಯಾರಿಗೂ ಹೊಳೆದಿರಲಿಲ್ಲ.

ಹೊಳೆಯತೊಡಗಿದ್ದು ನಿಧಾನವಾಗಿ. ನನ್ನ ಅಪ್ಪನ ತಮ್ಮ ದತ್ತಾ ಕಾಕಾ ಭಾಲ್ಕಿಗೆ ಹೋಗಿ ಕಾಳಿನ ವ್ಯಾಪಾರ ಹಿಡಿದಿದ್ದ. ತೊಗರಿ, ಕಡಲೆ, ಹೆಸರು. ಮಾತುಗಾರ, ನಗಿಸುವವನು, ಊರಿಗೆ ಬಂದರೆ ಮಕ್ಕಳಿಗೆಲ್ಲ ಖಾರಾ, ಬೂಂದಿ ತರುವವನು. ಕೆಲವು ವರ್ಷಗಳಲ್ಲಿ ಅವನ ಗಾಡಿಗೆ ಬಾವುಟ ಬಂತು, ಹಿಂದೆ ನಾಲ್ಕು ಹುಡುಗರು ಬಂದರು. ಮೊದಲು ನಮ್ಮೂರ ಪಂಚಾಯ್ತಿ ಚುನಾವಣೆಯಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಎಂದು ಎರಡು ಗುಂಪು ಇರುತ್ತಿದ್ದವು, ಎರಡರಲ್ಲೂ ಎಲ್ಲ ತರದವರು ಇರುತ್ತಿದ್ದರು. ಆಮೇಲೆ ಚಹಾದ ಅಂಗಡಿಗಳೇ ಎರಡಾದವು. ಒಂದರಲ್ಲಿ ಕುಡಿದವರು ಇನ್ನೊಂದರಲ್ಲಿ ಕುಡಿಯಬಾರದು. ಎಲ್ಲರ ಫೋನಿನಲ್ಲೂ ಯಾವುದೋ ಊರಿನ, ಯಾವುದೋ ವರ್ಷದ ಹೊಡೆದಾಟ ಬಂದು ಬೀಳುತ್ತಿತ್ತು. ಅದನ್ನು ನೋಡಿ ಎದ್ದವರು ಪಕ್ಕದ ಮನೆಯವರನ್ನು ಹೊಸಬರಂತೆ ನೋಡುತ್ತಿದ್ದರು. ಖಾಸೀಂ ಕಾಕಾನ ಹಿತ್ತಲಿನ ಗೋಡೆ ಸರ್ಕಾರಿ ಜಾಗದಲ್ಲಿದೆ ಎಂದು ಒಬ್ಬರಾದ ಮೇಲೆ ಒಬ್ಬರು ಬಂದು ಹೇಳತೊಡಗಿದರು. ಒಂದು ಬೇಸಿಗೆಯಲ್ಲಿ ಅವನು ಮನೆಗೆ ಬೀಗ ಹಾಕಿ ಔರಾದಕ್ಕೆ ಮಗಳು ರೆಹಾನಾಳ ಮನೆಗೆ ಹೋದ. “ಮೊಮ್ಮಕ್ಕಳ ಸಲುವಾಗಿ ಹೊಂಟೀನಿ” ಅಂದ. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ತಲೆಯಾಡಿಸಿದರು.

ಆ ವರ್ಷ ನಾನು ಬೀದರಿನ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಹುಣ್ಣಿಮೆಗೆಂದು ಸ್ಕೂಟಿಯ ಮೇಲೆ ಊರಿಗೆ ಬಂದಿದ್ದೆ. ದತ್ತಾ ಕಾಕಾ ಹಿಂದಿನ ವಾರವೇ ಬಂದು ಆಯಿಯ ಮುಂದೆ ಕೂತು ಹೇಳಿ ಹೋಗಿದ್ದ: “ಅವ್ವ, ಈ ಸಲ ಅಂವ ಬ್ಯಾಡ. ನಮ್ಮ ದೇವ್ರಿಗಿ ನಮ್ಮ ಕೈ ಇಲ್ಲೇನು? ಮಂದಿ ನಗ್ತಾರ.”

“ಕೈ ಅದಾವಪ್ಪ,” ಅಂದಿದ್ದಳು ಆಯಿ, “ಫೋನ್ ಹಿಡಿಲಿಕ್ಕ ಅದಾವ. ನಗೋ ಮಂದಿ ಮುಂಜಾನಿ ಬಂದು ದಡ್ಡಿ ಕಸಾ ಹೊಡೀತಾರೇನು, ಕೇಳು.”

ಹುಣ್ಣಿಮೆಯ ದಿನ ಬೆಳಿಗ್ಗೆ ಎಲ್ಲೋ ಮೆರವಣಿಗೆಗೆ ಕಲ್ಲು ಬಿದ್ದವು ಎಂಬ ಸುದ್ದಿ ಊರಲ್ಲಿ ಓಡಾಡುತ್ತಿತ್ತು. ಯಾವ ಊರಲ್ಲಿ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಆಯಿ ಅದಕ್ಕೆ ಕಿವಿಗೊಡಲಿಲ್ಲ. ಖಾಸೀಂ ಕಾಕಾ ಬರುವ ಮುಂಚೆಯೇ ಈ ಸಲ ಕುರಿಗೆ ನೀರು ಹಾಕಿಬಿಟ್ಟಳು. ಮುಹೂರ್ತ ಮೀರುತ್ತದೆ ಎಂಬ ಅವಸರ. ಕುರಿ ಮೊದಲ ತಂಬಿಗೆಗೇ ಮೈ ಝಾಡಿಸಿತು. ಇನ್ನು ಹಿಂದೆ ಸರಿಯುವಂತಿಲ್ಲ. ಕಾಕಾನನ್ನು ಕರೆತರಬೇಕಾಗಿದ್ದ ಅಪ್ಪ ಹೊಲದಲ್ಲಿ ಒಲೆ ಹೂಡುತ್ತಿದ್ದ. ಆಯಿ ನನ್ನನ್ನು ಕರೆದು ಹೇಳಿದಳು: “ಸವಿತಾ, ನೀನೇ ಹೋಗು. ಅಪ್ಪ ಹೋದ್ರ ಗಂಡಸೂರು ಅಡ್ಡ ಹಾಕಿ ಏನರ ಅಂತಾರ. ಹೆಣ್ಣುಹುಡುಗಿ ಜೋಡಿ ಇದ್ದ ಮುದುಕಗ ಯಾರೇನ್ ಮಾಡ್ತಾರ?” ಇಡೀ ಬದುಕಿನಲ್ಲಿ ಆಯಿ ಅದೊಂದು ಲೆಕ್ಕ ತಪ್ಪಿದಳು. ಅವಳ ಕಾಲದಲ್ಲಿ ಆ ಲೆಕ್ಕ ಸರಿಯೇ ಇತ್ತು.

ಔರಾದದಲ್ಲಿ ಕಾಕಾ ಬಿಳಿ ಅಂಗಿ, ಟೋಪಿ ತೊಟ್ಟು ಹೊರಗೆ ಮಂಚದ ಮೇಲೆ ಕೂತಿದ್ದ. ರೆಹಾನಾ ಬಾಗಿಲಲ್ಲಿ ನಿಂತು, “ಇವತ್ತು ಬ್ಯಾಡ ಅಬ್ಬಾ. ಸವಿತಾ, ನೀನರ ಹೇಳು,” ಅಂದಳು. ನಾನು ಏನು ಹೇಳಲಿ? ಕುರಿ ಮೈ ಝಾಡಿಸಿದೆ ಎಂದೆ, ಅಷ್ಟೆ. ಕಾಕಾ ಮಗಳ ಕಡೆ ತಿರುಗಿದ. “ಕೇಳಿದ್ಯಾ? ಆ ತಾಯಿ ಹೂಂ ಅಂದಾಳ. ಈಗ ನಾ ಬ್ಯಾಡ ಅಂದ್ರ ಹ್ಯಾಂಗ?” ಚೂರಿಯ ಗಂಟನ್ನು ನನ್ನ ಸ್ಕೂಟಿಯ ಸೀಟಿನ ಕೆಳಗೆ ತಾನೇ ಇಟ್ಟು, ಹಿಂದೆ ಹತ್ತಿ ಕೂತ. “ಸಾವಕಾಶ ಹೋಗು ಬೇಟಿ. ನಿನ್ನ ಮುತ್ಯಾನ ಎತ್ತಿನ ಗಾಡ್ಯಾಗ ಸೊಂಟ ಅಷ್ಟೇ ಹೋಗ್ತಿತ್ತು. ಇದರಾಗ ಜೀವಾನೇ ಹೋಗ್ತದ ಅನಸ್ತದ.” ಇಬ್ಬರೂ ನಕ್ಕೆವು. ದಾರಿಯುದ್ದಕ್ಕೂ ಕಡಲೆಯ ಹೊಲ, ಒಣಗಿದ ಹಳ್ಳ, ಮಧ್ಯಾಹ್ನದ ಬಿಸಿಲು. ಅವನು ಹಿಂದಿನಿಂದ ಯಾವ ಹೊಲ ಯಾರದ್ದು, ಯಾರ ಮನೆಯ ಮದುವೆಯಲ್ಲಿ ಎಷ್ಟು ಕುರಿ ಬಿದ್ದವು ಎಂದು ಹೇಳುತ್ತಲೇ ಇದ್ದ.

ನಮ್ಮೂರ ಕ್ರಾಸಿನಲ್ಲಿ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ದರು. ಬಾವುಟ ಹಿಡಿದ ಹುಡುಗರು, ಅವರ ಹಿಂದೆ ದೊಡ್ಡವರು, ಚಹಾದಂಗಡಿಯ ಮುಂದೆ ನಿಂತು ನೋಡುವವರು. ನಾನು ಪಕ್ಕದಲ್ಲಿ ತೂರಿಕೊಂಡು ಹೋಗಲು ನೋಡಿದೆ. ಒಬ್ಬ ಬಂದು ಹ್ಯಾಂಡಲ್ ಹಿಡಿದ.

“ಯಾರ್ ಮಗಳು ನೀ? ಹಿಂದ ಯಾರ್ ಇಂವ?”

“ನಮ್ಮ ಕಾಕಾ.”

“ಕಾಕಾ ಅಂತ, ಟೋಪಿ ಕಾಕಾ!” ಯಾರೋ ನಕ್ಕರು. “ಎಲ್ಲಿಗಿ ಕರಕೊಂಡು ಹೊಂಟಾನ ನಿನ್ನ?”

ಕರೆದುಕೊಂಡು ಹೊರಟವಳು ನಾನು. ಅದನ್ನು ಹೇಳುವುದರೊಳಗೆ ಸೀಟು ಎತ್ತಿದ್ದರು. ಬಟ್ಟೆಯ ಗಂಟು ಬಿಚ್ಚಿತು. ಕುರಿಯ ಕಣ್ಣಿಗೂ ಬೀಳಬಾರದೆಂದು ಜೀವಮಾನವಿಡೀ ಮರೆಯಲ್ಲಿಟ್ಟಿದ್ದ ಚೂರಿಯನ್ನು ಒಬ್ಬ ಹುಡುಗ ತಲೆಯ ಮೇಲೆ ಎತ್ತಿ ಹಿಡಿದ. ಸುತ್ತಲೂ ಫೋನುಗಳು ಎದ್ದವು. “ಚೂರಿ! ಚೂರಿ ತಂದಾನ!” ಎಂಬ ಕೂಗಿನ ನಡುವೆ ನಾನೂ ಕೂಗುತ್ತಿದ್ದೆ: “ಅದು ನಮ್ಮ ಪೋಚಮ್ಮನ ಕುರಿ ಕೊಯ್ಯೋ ಚೂರಿ ರೀ! ನಿಮ್ಮ ಮನ್ಯಾಗೂ ಇವರೇ ಕೊಯ್ದಾರ, ನೆನಪು ಮಾಡ್ಕೊಳ್ರಿ!” ಗುಂಪಿನಲ್ಲಿ ಅರ್ಧ ಮಂದಿ ನನಗೆ ಗೊತ್ತಿದ್ದವರು. ಚಹಾದಂಗಡಿಯವನ ತಂಗಿಯ ಮದುವೆಯಲ್ಲಿ ಕಾಕಾ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತು ಕೆಲಸ ಮಾಡಿದ್ದ, ಕೊನೆಗೆ ಅವನನ್ನು ತಬ್ಬಿಕೊಂಡು ಕಳಿಸಿದ್ದರು. ಆ ಚೂರಿ ಏನೆಂದು ಅಂಗಡಿಯವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಬಗ್ಗಿ ಒಲೆಯ ಉರಿ ಸಣ್ಣ ಮಾಡುತ್ತಿದ್ದ.

ಯಾರೋ ದತ್ತಾ ಕಾಕಾನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಗದ್ದಲ ನಿಂತಿತು. ನನಗೆ ಜೀವ ಬಂದಂತಾಯಿತು. ಆ ಚೂರಿಯಿಂದ ಬಂದ ಊಟ ಉಂಡು ಬೆಳೆದವನು ಅವನು. ಒಂದು ಮಾತು ಹೇಳಿದರೆ ಮುಗಿಯಿತು.

“ದತ್ತಣ್ಣ, ನಿಮ್ಮ ಮನಿ ಹುಡುಗಿ ಅಂತ ನೋಡ್ರಿ. ಜೋಡಿ ಒಬ್ಬ ಮುದುಕ ಅದಾನ. ಚೂರಿ ಸಿಕ್ಕದ.”

ಅತ್ತ ಭಾಲ್ಕಿಯ ಸಂತೆಪೇಟೆಯ ಸದ್ದು ಕೇಳುತ್ತಿತ್ತು, ಹಮಾಲರು ಚೀಲ ಇಳಿಸುವ ಕೂಗು, ಒಂದು ಲಾರಿಯ ಹಾರ್ನ್. ಆಮೇಲೆ ಅವನ ದನಿ ಬಂತು. “ಹುಡುಗಿ ನಮ್ದು. ಆಕಿಗಿ ಯಾರೂ ಕೈ ಹಚ್ಚಬ್ಯಾಡ್ರಿ. ಮನಿಗಿ ಕಳಸ್ರಿ.”

“ಮತ್ತ ಮುದುಕಂದು?”

ಫೋನು ಕಟ್ಟಾಯಿತು.

ಅಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿ ಸರಿಯಾದ ಸಾಲಿನಲ್ಲಿ ಇಲ್ಲ. ಟೋಪಿ ಬಿದ್ದದ್ದು, ಬಿಳಿ ಅಂಗಿಯ ಕಾಲರು ಯಾರದೋ ಮುಷ್ಟಿಯಲ್ಲಿದ್ದದ್ದು, ಒಂದು ಏಟಿನ ಸದ್ದು. ನಾನು ಕಾಕಾನ ತೋಳು ಹಿಡಿದಿದ್ದೆ, ಬಿಡಿಸುತ್ತಿದ್ದರು, ಮತ್ತೆ ಹಿಡಿಯುತ್ತಿದ್ದೆ. “ನೀ ಮನಿಗಿ ಹೋಗು ಬೇಟಿ, ಆಯಿ ಕಾಯ್ತಿರ್ತಾಳ,” ಎಂದು ಅವನು ಮೆಲ್ಲಗೆ, ಪಡಸಾಲೆಯಲ್ಲಿ ಕೂತು ಮಾತಾಡುವ ದನಿಯಲ್ಲಿ ಹೇಳಿದ. ಪೊಲೀಸ್ ಜೀಪು ಬರದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದನ್ನು ನಾನು ಹಗಲಲ್ಲಿ ಬಿಡಬಲ್ಲೆ. ಜೀಪು ಬಂತು. ಕಾನ್‌ಸ್ಟೇಬಲ್ ಒಬ್ಬ, “ಮುತ್ಯಾ, ಲಗೂನ ಹತ್ತು, ಲಗೂನ,” ಎಂದು ಅವನನ್ನು ಹೆಚ್ಚುಕಡಿಮೆ ಎತ್ತಿಯೇ ಒಳಗೆ ಹಾಕಿದ. ಸಂಜೆ ಅಪ್ಪ ಠಾಣೆಗೆ ಹೋಗಿ ಹೇಳಿಕೆ ಕೊಟ್ಟ ಮೇಲೆ ಅವನನ್ನು ಮಗಳ ಮನೆಗೆ ಕಳಿಸಿದರು. ಹೊಲದಲ್ಲಿ ಆಯಿ ಹೊತ್ತು ಮುಳುಗುವವರೆಗೂ ಕುರಿಯ ಹಗ್ಗ ಹಿಡಿದು ಕೂತಿದ್ದಳಂತೆ. ಬೇರೆ ಯಾರನ್ನಾದರೂ ಕರೆಯೋಣ ಎಂದವರ ಕೈಗೆ ಹಗ್ಗ ಕೊಡಲಿಲ್ಲ. ಕತ್ತಲಾಗುವ ಹೊತ್ತಿಗೆ ಹಗ್ಗ ಬಿಚ್ಚಿ ಕುರಿಯನ್ನು ದಡ್ಡಿಗೆ ಹೊಡೆದಳು. ಕಲ್ಲಿಗೆ ಹಣೆ ಹಚ್ಚಿ ಏನು ಹೇಳಿದಳೋ ಗೊತ್ತಿಲ್ಲ.

ಆ ವಿಡಿಯೊ ಎರಡೇ ದಿನದಲ್ಲಿ ಎಲ್ಲ ಕಡೆ ಹೋಯಿತು. ಅದರಲ್ಲಿ ಚೂರಿ ಇದೆ, ಕಾಕಾನ ಬೋಳು ತಲೆ ಇದೆ. ನಾನಿಲ್ಲ. ನನ್ನ ದನಿಯೂ ಇಲ್ಲ. ಅದರ ಮೇಲೆ ಅಬ್ಬರದ ಹಾಡು ಹಾಕಿದ್ದರು. ಮುಂದೆ ದತ್ತಾ ಕಾಕಾ ಚುನಾವಣೆಗೆ ನಿಂತಾಗ ಮನೆ ಮನೆಗೆ ಅದೇ ಬಂತು. ನಮ್ಮ ಸುತ್ತಿನ ಊರುಗಳಲ್ಲಿ ಆ ಮುಖವನ್ನು, ಆ ಚೂರಿಯನ್ನು ಗುರುತಿಸದವರು ಯಾರೂ ಇರಲಿಲ್ಲ. ಗುರುತಿಸಿದವರೆಲ್ಲ ಅದನ್ನು ಮತ್ತೊಬ್ಬರಿಗೆ ಕಳಿಸಿದರು. ಮತ ಹಾಕುವ ದಿನ ಸಾಲಿಯ ಮುಂದೆ ಎರಡು ಸಾಲಾಗಿ ನಿಂತರು, ಯಾರೂ ಹಾಗೆ ನಿಲ್ಲಲು ಹೇಳಿರಲಿಲ್ಲ. ದತ್ತಾ ಕಾಕಾ ಗೆದ್ದ. ಗುಲಾಲು ಬಳಿದುಕೊಂಡೇ ಮನೆಗೆ ಬಂದು ಆಯಿಯ ಕಾಲು ಮುಟ್ಟಿದ. ಆಯಿ ಕಾಲು ಹಿಂದೆ ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ.

“ಅವತ್ತು ಫೋನ್ ಯಾಕ ಇಟ್ಟಿ?”

ದತ್ತಾ ಕಾಕಾ ಹೊರಗೆ ನಿಂತ ಹುಡುಗರ ಕಡೆ ನೋಡಿ ದನಿ ತಗ್ಗಿಸಿದ. “ಸ್ಪೀಕರ್ ಮ್ಯಾಲ ಇತ್ತವ್ವ. ಎಲ್ಲಾರೂ ಕೇಳ್ಲತ್ತಿದ್ರು.”

“ಅದಕ್ಕೇ ಹೇಳ್ಬೇಕಿತ್ತು,” ಅಂದಳು ಆಯಿ.

ಅಷ್ಟೇ. ಆ ಮನೆಯಲ್ಲಿ ಅದರ ಬಗ್ಗೆ ಆದ ಮಾತು ಅಷ್ಟೇ. ಮುಂದೆ ಹೊಲ ಪಾಲಾಯಿತು, ಪೋಚಮ್ಮನ ಬೇವಿನ ಮರ ದತ್ತಾ ಕಾಕಾನ ಪಾಲಿಗೆ ಹೋಯಿತು. ಈಗ ಅಲ್ಲಿ ಟೈಲ್ಸ್ ಹಾಕಿದ ಕಟ್ಟೆ ಇದೆ, ಮೈಕು ಇದೆ, ಬೇರೆ ಊರಿನಿಂದ ಬಂದು ಕೊಯ್ಯುವವರಿದ್ದಾರೆ. ಮಾಳಿಗೆ ಮನೆ ಒಂದು ಮಳೆಗಾಲಕ್ಕೆ ಕುಸಿಯಿತು, ಅಪ್ಪ ಅದನ್ನು ಎತ್ತಿಸಲಿಲ್ಲ. ಆದರೆ ನಾನು ಹೇಳಬೇಕೆಂದದ್ದು ಅದಕ್ಕೂ ಮುಂಚಿನದು, ಚುನಾವಣೆಯಾದ ಮೇಲಿನ ಒಂದು ದಿನದ್ದು.

ಆಯಿ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಔರಾದಕ್ಕೆ ಹೋದಳು. ಸೆರಗಿನಲ್ಲಿ ಜೋಳದ ರೊಟ್ಟಿ, ಅದಕ್ಕೆ ನಂಜಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಕಾಕಾ ಒಳಗಿನ ಕೋಣೆಯಲ್ಲಿ ಕೂತಿದ್ದ. ಹೊರಗಿನ ಮಂಚ ಈಗ ಖಾಲಿ ಇತ್ತು. ನಮ್ಮನ್ನು ನೋಡಿ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದ. “ಬರ್ರಿ ವೈನಿ. ಸಾಹೇಬ್ರ ತಾಯಿ ಆಗೀರಿ, ಬಸ್ಸಿನ್ಯಾಗ ಬಂದೀರಲ್ಲ!” ಎಂದು ಮೊದಲಿನಂತೆಯೇ ಚೇಷ್ಟೆ ಮಾಡಿದ. ಆಯಿ ನಗಲಿಲ್ಲ. ರೆಹಾನಾ ಚಹಾ ತಂದಳು, ಮನೆಯವರ ಕಪ್ಪಿನಲ್ಲೇ ತಂದಳು. ಆಯಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು, ತಳದವರೆಗೂ ಕುಡಿದಳು. ಮಳೆ, ತೊಗರಿ, ರೆಹಾನಾಳ ಮಗನ ಪರೀಕ್ಷೆ, ಎಲ್ಲ ಮಾತಾಯಿತು. ಆ ದಿನದ ಮಾತು ಯಾರೂ ತೆಗೆಯಲಿಲ್ಲ. ಏಳುವ ಹೊತ್ತಿಗೆ ಆಯಿ ಹೊಸ್ತಿಲ ಹತ್ತಿರ ನಿಂತಳು. ಅವಳು ಬಂದದ್ದು ಯಾಕೆಂದು ಆಗ ನನಗೆ ತಿಳಿಯಿತು. ಭರತ ಹುಣ್ಣಿಮೆ ಮತ್ತೆ ಹತ್ತಿರ ಬಂದಿತ್ತು.

“ಖಾಸೀಂ ಭೈ,” ಅಂದಳು.

ಕಾಕಾ ಅವಳ ಮುಖವನ್ನೇ ನೋಡುತ್ತಿದ್ದ. “ವೈನಿ, ಕರೀಬ್ಯಾಡ್ರಿ,” ಅಂದ. “ನೀವು ಕರದ್ರ ನಾ ಬಂದುಬಿಡ್ತೇನಿ. ಅದಕ್ಕ ಹೇಳ್ಲತ್ತೀನಿ, ಕರೀಬ್ಯಾಡ್ರಿ.”

ಆಯಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಸ್‌ಸ್ಟ್ಯಾಂಡಿನವರೆಗೆ ನನ್ನ ಕೈ ಹಿಡಿದು ನಡೆದಳು, ಯಾವತ್ತೂ ಹಿಡಿದವಳಲ್ಲ. ಆ ವರ್ಷ ಕರೆಯಲಿಲ್ಲ. ಮುಂದಿನ ವರ್ಷವೂ ಕರೆಯಲಿಲ್ಲ. ಇಬ್ಬರೂ ಇನ್ನೂ ಕೆಲವು ವರ್ಷ ಬದುಕಿದ್ದರು, ಒಂದು ಬಸ್ಸಿನ ದೂರದಲ್ಲಿ.